ಹೊಲಕ್ಕ ಬರ್ರಿ, ಹರಕೊಂಡು ತಿನ್ರಿ

ಗಬ್ಬೂರ ಕ್ರಾಸಿನಲ್ಲಿ ನಿಂತರೆ ಮೊದಲು ಕಾಣುವುದು ಲಾರಿಗಳೇ. ಪುಣೆ ಕಡೆಯಿಂದ ಬಂದ ಹೆದ್ದಾರಿ ಧಾರವಾಡದ ನರೇಂದ್ರದ ಹತ್ತಿರ ಊರು ಬಿಟ್ಟು ಬೈಪಾಸ್ ಹಿಡಿದು, ಹುಬ್ಬಳ್ಳಿಯ ಬೆನ್ನ ಹಿಂದಿನಿಂದ ಸುತ್ತಿಕೊಂಡು ಮತ್ತೆ ಹಳೆಯ ರಸ್ತೆಗೆ ಕೂಡುವುದು ಇಲ್ಲಿ. ಡಾಬಾ, ಪಂಕ್ಚರ್ ಅಂಗಡಿ, ಗೋದಾಮು, ಹೊಸ ಲೇಔಟಿನ ಬೋರ್ಡು. ಆದರೆ ಹುಬ್ಬಳ್ಳಿ ಮುಗಿದು ಎರೆಹೊಲ ಶುರುವಾಗುವುದೂ ಇಲ್ಲಿಯೇ. ದಸರೆ ಕಳೆದು ಶೀಗಿ ಹುಣ್ಣಿಮೆ ಹತ್ತಿರ ಬಂತೆಂದರೆ ಕುಂದಗೋಳದ ಕಡೆಗೂ ತಡಸದ ಕಡೆಗೂ ಹೊರಡುವ ಕಾರು, ಬೈಕುಗಳಲ್ಲಿ ಬುತ್ತಿಗಂಟು ಇರುತ್ತದೆ. ಪೇಟೆಯಲ್ಲಿ ನೌಕರಿ, ಹಳ್ಳಿಯಲ್ಲಿ ಹೊಲ ಇದ್ದವರು ಆ ದಿನ ಹೊಲದಲ್ಲೇ ಉಣ್ಣಬೇಕು. ಹೊಲ ಇಲ್ಲದವರನ್ನು ಇದ್ದವರು ಕರೆಯಬೇಕು. ಇದು ಇಲ್ಲಿಯ ರೂಢಿ.

ಇದೇ ಹೊತ್ತಿಗೆ ಅಮೆರಿಕದಲ್ಲಿರುವ ಕನ್ನಡಿಗರೂ ಮಕ್ಕಳನ್ನು ಕಾರಿನಲ್ಲಿ ಹಾಕಿಕೊಂಡು ತೋಟಗಳಿಗೆ ಹೊರಟಿರುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಧಾರವಾಡದ ಸಪ್ತಾಪುರದಲ್ಲಿ ಮಗ-ಸೊಸೆ ಆ ದೇಶದಲ್ಲಿರುವ ಮನೆಗಳಿಗೇನೂ ಬರವಿಲ್ಲ. ಆರು ತಿಂಗಳು ಇದ್ದು ಬಂದ ಹಿರಿಯರ ಮೊಬೈಲಿನಲ್ಲಿ ನಯಾಗರಾ ಜಲಪಾತದ ಫೋಟೋ ಆದ ಮೇಲೆ ಬರುವುದು ಸೇಬಿನ ತೋಟದ್ದು. ಕೈಗೆಟಕುವ ಗಿಡ, ಟೊಂಗೆ ತುಂಬ ಕೆಂಪು ಹಣ್ಣು, ಕೆಳಗೆ ಸ್ವೆಟರ್ ಮೇಲೆ ಸೀರೆ ಸೆರಗು ಹೊದ್ದ ಅಜ್ಜಿ.

ಅಲ್ಲಿಯ ಪದ್ಧತಿ ಸರಳ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ತೋಟದ ಬಾಗಿಲಲ್ಲಿ ಒಂದು ಚೀಲ ಕೊಳ್ಳಬೇಕು. ಚೀಲದ ಅಳತೆಗೆ ತಕ್ಕ ದರ. ಒಳಗೆ ಹೋಗಿ ಬೇಕಾದ ಜಾತಿಯ ಹಣ್ಣನ್ನು ಕೈಯಾರೆ ಹರಿದು ತುಂಬಿಕೊಳ್ಳುವುದು. ಹರಿಯುವುದಕ್ಕೂ ಒಂದು ಕ್ರಮವಿದೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ತುಸು ತಿರುವಬೇಕು, ಕೆಳಕ್ಕೆ ಜಗ್ಗಬಾರದು. ಜಗ್ಗಿದರೆ ತೊಟ್ಟಿನ ಬುಡದಲ್ಲಿರುವ ಮುಂದಿನ ವರ್ಷದ ಮೊಗ್ಗೂ ಕಿತ್ತು ಬರುತ್ತದೆ. ಪಕ್ಕದಲ್ಲೇ ಕುಂಬಳದ ಹೊಲ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಕಣ್ಣು ಬಾಯಿ ಕೊರೆದು ಬಾಗಿಲಲ್ಲಿಡಲು ಮಕ್ಕಳು ಒಂದೊಂದು ಕಾಯಿ ಆರಿಸಿಕೊಳ್ಳುತ್ತಾರೆ. ಟ್ರ್ಯಾಕ್ಟರ್ ಹಿಂದಿನ ಟ್ರಾಲಿಯಲ್ಲಿ ಒಣಹುಲ್ಲಿನ ಪೆಂಡಿಗಳ ಮೇಲೆ ಕೂತು ಒಂದು ಸುತ್ತು, ಮೆಕ್ಕೆಜೋಳದ ಹೊಲದಲ್ಲಿ ಕೊರೆದ ದಾರಿಯಲ್ಲಿ ದಿಕ್ಕು ತಪ್ಪುವ ಆಟ, ಸೇಬಿನ ರಸ. ಲೆಕ್ಕ ಹಾಕಿದರೆ ಆ ಹಣ್ಣು ಅಂಗಡಿಯದಕ್ಕಿಂತ ಅಗ್ಗವೇನಲ್ಲ. ಹರಿಯುವ ಆಳಿನ ಕೂಲಿ, ಪೆಟ್ಟಿಗೆ, ಸಾಗಣೆ, ದಲಾಲಿ ಎಲ್ಲವೂ ರೈತನಿಗೆ ಉಳಿಯುತ್ತವೆ. ಮೇಲೆ ಆಳಿನ ಕೆಲಸ ಮಾಡಿದ ಗಿರಾಕಿಯೇ ಖುಷಿಯಿಂದ ದುಡ್ಡು ಕೊಟ್ಟು ಹೋಗುತ್ತಾನೆ. ಜಾಣ ವ್ಯಾಪಾರ. ಇದರಲ್ಲಿ ಹುಳುಕು ಹುಡುಕುವುದಕ್ಕಿಂತ ಕಲಿಯುವುದೇ ಹೆಚ್ಚಿದೆ.

ಹಾಗಂತ ಗಬ್ಬೂರಿನಲ್ಲಿ ಸೇಬು ಹಚ್ಚೋಣವೇ? ಹಚ್ಚಿದವರು ಕರ್ನಾಟಕದಲ್ಲಿದ್ದಾರೆ. ಬಾಗಲಕೋಟೆ ಜಿಲ್ಲೆಯ ಕುಳಲಿಯ ರೈತರೊಬ್ಬರು ಬಯಲುಸೀಮೆಯ ಬಿಸಿಲಲ್ಲಿ ಸೇಬು ಬೆಳೆದದ್ದನ್ನು ಪ್ರಧಾನಿ 2025ರ ಏಪ್ರಿಲ್ ತಿಂಗಳ ‘ಮನ್ ಕೀ ಬಾತ್’ನಲ್ಲಿ ಹೇಳಿದರು. ಇದು ಸಾಧ್ಯವಾದದ್ದು ಹೆಚ್ಚು ಚಳಿ ಬೇಡದ ತಳಿಗಳಿಂದ. ಸಾಮಾನ್ಯ ಸೇಬಿನ ಗಿಡ ಹೂ ಬಿಡಬೇಕಾದರೆ ವರ್ಷದಲ್ಲಿ ಸಾವಿರ ತಾಸಿನಷ್ಟು ಕಾಲ ಏಳು ಡಿಗ್ರಿಗಿಂತ ಕೆಳಗಿನ ಚಳಿ ತಿನ್ನಬೇಕು. ಹಿಮಾಚಲದ ಬಿಲಾಸಪುರ ಜಿಲ್ಲೆಯ ಹರಿಮನ್ ಶರ್ಮಾ ಆಯ್ದು ಬೆಳೆಸಿದ ‘ಎಚ್‌ಆರ್‌ಎಂಎನ್-99’ಕ್ಕೆ ಆ ಹಂಗಿಲ್ಲ. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆದರೆ ಬಯಲುಸೀಮೆಯಲ್ಲಿ ಈ ಸೇಬು ಹಣ್ಣಾಗುವುದು ಬೇಸಿಗೆಯ ಕೊನೆಗೆ, ಮುಂಗಾರಿನ ಬಾಗಿಲಿಗೆ. ಶರದೃತುವಿನ ತಂಪಿನಲ್ಲಿ ಸೇಬು ಹರಿಯುವ ಸುಖ ನಮ್ಮ ನೆಲದ್ದಲ್ಲ. ಆ ಋತುವಿಗೆ ನಮ್ಮಲ್ಲಿ ಬೇರೆಯದೇ ಇದೆ.

ಮೊದಲನೆಯದು ಹಸಿ ಶೇಂಗಾ. ಜೂನಿನಲ್ಲಿ ಬಿತ್ತಿದ್ದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಕೀಳಲು ಬರುತ್ತದೆ. ನೆಲದಲ್ಲಿ ಹಸಿ ಇರಬೇಕು. ಗಿಡದ ಬುಡವನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಜಗ್ಗಿಗೆ ಎಳೆದರೆ ಮಣ್ಣು ಸಡಿಲಾಗಿ ಗೊಂಚಲಿಗೆ ಗೊಂಚಲೇ ಮೇಲೆ ಬರುತ್ತದೆ. ನಾಲ್ಕು ಬಿಸಿಲು ಬಿದ್ದು ನೆಲ ಬಿರುಸಾಯಿತೋ, ಗಿಡ ಕೈಗೆ, ಕಾಯಿ ನೆಲಕ್ಕೆ. ಕಾಯಿ ಬಲಿತಿದೆಯೋ ಇಲ್ಲವೋ ನೋಡಬೇಕಾದರೆ ಒಂದನ್ನು ಒಡೆದು ಸಿಪ್ಪೆಯ ಒಳಮೈ ನೋಡುತ್ತಾರೆ: ಬೆಳ್ಳಗಿದ್ದರೆ ಇನ್ನೂ ಎಳಸು, ಕಂದು ಗೆರೆ ಮೂಡಿದ್ದರೆ ಬಲಿತದ್ದು. ಹೊಲದಲ್ಲೇ ಒಣ ಕಡ್ಡಿ ಕೂಡಿಸಿ ಬೆಂಕಿ ಹಚ್ಚಿ, ಗಿಡದ ಸಮೇತ ಸುಟ್ಟು, ಬೂದಿ ಕೊಡವಿ ತಿನ್ನುವುದು. ಕೈ, ತುಟಿ ಕರ್ರಗಾಗುತ್ತವೆ. ಇದರ ರುಚಿ ಹುಬ್ಬಳ್ಳಿಯ ಗಾಡಿಯ ಮೇಲೆ ಕುದಿಸಿ ಮಾರುವ ಕಾಯಿಗೆ ಬರುವುದಿಲ್ಲ.

ಎರಡನೆಯದು ಪ್ಯಾರಲ. ಹುಬ್ಬಳ್ಳಿ–ಧಾರವಾಡದ ನಡುವಿನ ನವಲೂರು ಈ ಹಣ್ಣಿಗೆ ಹೆಸರಾದ ಊರು. ಈಗ ಚಿಗರಿ ಬಸ್ಸಿನಲ್ಲಿ ಹೋಗುವವರಿಗೆ ನವಲೂರೆಂದರೆ ಒಂದು ನಿಲ್ದಾಣ. ಅದರ ಆಚೀಚೆ ಇದ್ದ ತೋಟಗಳಲ್ಲಿ ಎಷ್ಟೋ ನಿವೇಶನಗಳಾಗಿವೆ. ಉಳಿದ ತೋಟಗಳ ಹಣ್ಣು ಬುಟ್ಟಿಯಲ್ಲಿ ರಸ್ತೆಬದಿಗೆ ಬರುತ್ತದೆ. ಸೀಳಿ, ಉಪ್ಪು ಖಾರ ಸವರಿ ಕೊಡುತ್ತಾರೆ. ತೋಟಕ್ಕೇ ಹೋಗಿ ಹರಿದುಕೊಳ್ಳುತ್ತೇನೆ ಎಂದರೆ ಅಷ್ಟು ಸಲೀಸಿಲ್ಲ. ಮಾವಿನಂತೆ ಪ್ಯಾರಲ ತೋಟವನ್ನೂ ಎಷ್ಟೋ ಕಡೆ ಹೂ ಇದ್ದಾಗಲೇ ಗುತ್ತಿಗೆ ಕೊಟ್ಟಿರುತ್ತಾರೆ. ಹಣ ಮುಂಗಡ ಎಣಿಸಿದವನು ಗಿಡಕ್ಕೆ ಕಾವಲು ಹಾಕಿರುತ್ತಾನೆ. ತೋಟದ ಒಡೆಯನಿಗೇ ತನ್ನ ಗಿಡದ ಹಣ್ಣಿಗೆ ಕೈ ಹಾಕಲು ಸಂಕೋಚ. ಹೀಗಿರುವಾಗ ಹೊರಗಿನವರನ್ನು ಕರೆದು ಹರಿದುಕೊಳ್ಳಿ ಎನ್ನುವ ಮಾತೆಲ್ಲಿ? ಈ ಗುತ್ತಿಗೆ ಪದ್ಧತಿ ಬದಲಾಗದೆ ಧಾರವಾಡದ ಪ್ಯಾರಲ, ಆಪೂಸ್ ತೋಟಗಳು ಪ್ರವಾಸಿಗರಿಗೆ ತೆರೆಯುವುದು ಕಷ್ಟ.

ಇನ್ನು ಕುಂಬಳ. ಅದಕ್ಕೆಂದು ನಮ್ಮವರು ಹೊಲ ಬಿಡುವುದು ಅಪರೂಪ. ಬದುವಿಗೆ, ಬೇಲಿಗೆ, ದನದ ಕೊಟ್ಟಿಗೆಯ ಮಾಡಿಗೆ ಹಬ್ಬಿಸಿ ಬಿಡುತ್ತಾರೆ. ಬಲಿತ ಕಾಯಿ ಮೂಲೆಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತುರಿದು ಬೆಲ್ಲ ಹಾಕಿ ಬೇಯಿಸಿ ಗೋದಿಹಿಟ್ಟಿನಲ್ಲಿ ನಾದಿ ಕರಿದ ಗಾರಿಗೆ ಹೊಲದ ಬುತ್ತಿಗೆ ಹೇಳಿ ಮಾಡಿಸಿದ್ದು, ಎರಡು ದಿನ ಇಟ್ಟರೂ ಮೆತ್ತಗೇ ಇರುತ್ತದೆ. ಒಂದು ಮಾತು ಇಲ್ಲಿ ಹೇಳಿಯೇ ಬಿಡಬೇಕು. ಹ್ಯಾಲೋವೀನ್ ಮುಗಿದ ಮೇಲೆ ಅಲ್ಲಿಯ ಬಾಗಿಲುಗಳಲ್ಲಿ ಕೊಳೆಯುವ ಕುಂಬಳ ಕಂಡು ನಮ್ಮ ಹಿರಿಯರು ‘ಅನ್ನಾ ಹಾಳು ಮಾಡ್ತಾರ’ ಎಂದು ಹಳಹಳಿಸುತ್ತಾರೆ. ಅದೇ ಸುಮಾರಿಗೆ, ಆಯುಧಪೂಜೆಯ ಮರುದಿನ ಹುಬ್ಬಳ್ಳಿಯ ರಸ್ತೆಗಳನ್ನೊಮ್ಮೆ ನೋಡಬೇಕು. ಒಡೆದ ಬೂದುಗುಂಬಳದ ಹೋಳುಗಳ ಮೇಲೆ ಬೈಕು ಜಾರಿ ಬೀಳದಿದ್ದರೆ ಪುಣ್ಯ.

ಮತ್ತೆ ಶೀಗಿ ಹುಣ್ಣಿಮೆಗೆ ಬರೋಣ. ಆಶ್ವೀಜ ಮಾಸದ ಈ ಹುಣ್ಣಿಮೆಯ ಹೊತ್ತಿಗೆ ಮುಂಗಾರಿಯ ಪೈರು ತೆನೆ ಹಿಡಿದಿರುತ್ತದೆ, ಹತ್ತಿ ಕಾಯಿ ಕಟ್ಟಿರುತ್ತದೆ. ಮಲೆನಾಡಿನವರು ಇದನ್ನೇ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ಭಾವ ಎರಡೂ ಕಡೆ ಒಂದೇ. ನಮ್ಮ ಕಡೆ ಹಿಂದಿನ ರಾತ್ರಿಯೇ ಒಲೆ ಹೊತ್ತುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಬಾನ, ಮೊಸರು. ಹೊಲದಲ್ಲಿ ಬನ್ನಿಯೋ ಬೇವೋ ಇದ್ದ ಕಡೆ ಐದು ಕಲ್ಲು ನೆಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜಿಸುತ್ತಾರೆ. ನಂತರ ಎಲ್ಲ ಅಡುಗೆಯನ್ನೂ ಕಲಸಿ ಬುಟ್ಟಿಯಲ್ಲಿ ಹೊತ್ತು ಹೊಲದ ಸುತ್ತ ಚರಗ ಚೆಲ್ಲುವುದು. ಮುಂದಿನವನು ಕೂಗುತ್ತ ಚೆಲ್ಲಿದರೆ ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ ಓಗೊಡುತ್ತಾನೆ. ಇಲಿ, ಹಕ್ಕಿ, ಹುಳ ಎಲ್ಲಕ್ಕೂ ಅದರಲ್ಲಿ ಪಾಲು. ಮನುಷ್ಯರ ಊಟ ಆಮೇಲೆ. ಪಕ್ಕದ ಹೊಲದವರನ್ನು ಕರೆಯುವುದು, ರಸ್ತೆಯಲ್ಲಿ ಹೋಗುವವರನ್ನೂ ‘ಬರ್ರಿ ಯಣ್ಣಾ, ಉಂಡು ಹೋಗ್ರಿ’ ಎನ್ನುವುದು. ಊಟವಾದ ಮೇಲೆ ಬಂದವರು ಹೊಲ ತಿರುಗಿ ಸವತಿಕಾಯಿ, ಅಲಸಂದಿ, ಹಸಿಮೆಣಸಿನಕಾಯಿ ಹರಿದುಕೊಂಡು ಉಡಿ ತುಂಬಿಕೊಂಡು ಹೋಗುತ್ತಾರೆ. ತೂಕವಿಲ್ಲ, ಚೀಟಿಯಿಲ್ಲ.

ಕರೆಯದೆಯೂ ಹೊಲಕ್ಕೆ ಹೋಗುವ ಹಕ್ಕು ಒಂದಿತ್ತು: ಹಕ್ಕಲು ಆರಿಸುವುದು. ಶೇಂಗಾ ಕಿತ್ತ ಮೇಲೆ ನೆಲದಲ್ಲಿ ಉಳಿದ ಕಾಯಿ, ಜೋಳ ಕೊಯ್ದ ಮೇಲೆ ಬಿದ್ದ ತೆನೆ, ಗಿಡದಲ್ಲಿ ಉಳಿದ ಹತ್ತಿ – ಆರಿಸಿದವರದ್ದೇ. ಹೊಲವಿಲ್ಲದ ಮನೆಯ ಹೆಂಗಸರು, ಮಕ್ಕಳು ಕುಡುಗೋಲು, ಕುರ್ಚಿಗಿ ಹಿಡಿದು ಮಣ್ಣು ಕೆದರಿ ಸಂಜೆಗೆ ಒಂದು ಪಡಿ ಕೂಡಿಸಿಕೊಂಡು ಬರುತ್ತಿದ್ದರು. ಒಡೆಯನೂ ತೀರ ಬಳಿದುಕೊಂಡು ಹೋಗುತ್ತಿರಲಿಲ್ಲ. ಹಕ್ಕಲಿಗೆ ಬಿಡಬೇಕೆಂಬ ನಾಚಿಕೆ ಇತ್ತು. ಯಂತ್ರದ ಕೊಯ್ಲು ಬಂದಲ್ಲಿ ಇದು ಕಡಿಮೆಯಾಗಿದೆ. ಕೈಯಾರೆ ಹರಿದುಕೊಳ್ಳುವುದು ಉಳ್ಳವರ ಮೋಜಾಗುವ ಮೊದಲು ಇಲ್ಲದವರ ಬದುಕಾಗಿತ್ತು ಎಂಬುದನ್ನು ಪ್ರವಾಸದ ಬಣ್ಣದ ಪತ್ರಗಳು ಹೇಳುವುದಿಲ್ಲ.

ಹೊಲಕ್ಕೆ ಕರೆದು ಉಣಿಸುವುದನ್ನು ಉದ್ಯೋಗವಾಗಿ ಮಾಡಿದವರು ಗಬ್ಬೂರಿನಿಂದ ತೀರ ದೂರವೇನಿಲ್ಲ. ತಡಸ ಕ್ರಾಸಿನ ಆಚೆ, ಶಿಗ್ಗಾವಿ ತಾಲ್ಲೂಕಿನ ಕುನ್ನೂರಿನಲ್ಲಿ ಅಗಡಿ ತೋಟವಿದೆ. ಜಯದೇವ ಅಗಡಿಯವರು ಕಟ್ಟಿದ ಈ ತೋಟ ಉತ್ತರ ಕರ್ನಾಟಕದಲ್ಲಿ ಕೃಷಿ ಪ್ರವಾಸೋದ್ಯಮಕ್ಕೆ ದಾರಿ ತೋರಿಸಿದ್ದು. ಇಡೀ ದಿನಕ್ಕೆ ಒಂದೇ ದರ. ನಾಷ್ಟಾ, ರೊಟ್ಟಿ ಊಟ, ಜೋಕಾಲಿ, ಚಕ್ಕಡಿ ಸವಾರಿ, ನೀರಾಟ. ಶಾಲೆಗಳ ಬಸ್ಸುಗಳೂ ಬರುತ್ತವೆ. ಅದೇ ಹೆದ್ದಾರಿಯ ಮೇಲೆ ಇನ್ನೂ ಮುಂದೆ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ ರಾಕ್ ಗಾರ್ಡನ್. ಅಲ್ಲಿ ಉಳುವವ, ಬಿತ್ತುವವ, ರಾಶಿ ಮಾಡುವವ ಎಲ್ಲರೂ ಸಿಮೆಂಟಿನಲ್ಲಿ ನಿಂತಿದ್ದಾರೆ. ಜನ ಟಿಕೆಟ್ ತೆಗೆದುಕೊಂಡು ಅವರ ಜೊತೆ ಫೋಟೋ ಹೊಡೆಸಿಕೊಳ್ಳುತ್ತಾರೆ. ಕಾಂಪೌಂಡಿನ ಹೊರಗೆ ಅದೇ ಕೆಲಸ ಮಾಡುವ ನಿಜವಾದ ರೈತನಿಗೆ ಬಿಡಿಗಾಸೂ ಬರುವುದಿಲ್ಲ. ಶಿಲ್ಪಗಳು ಸೊಗಸಾಗಿವೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಹೊಲದವನ ಪರವಾಗಿ.

ನೆರೆಯ ಮಹಾರಾಷ್ಟ್ರ ಈ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿದೆ. ಬಾರಾಮತಿ ಕಡೆ ಪಾಂಡುರಂಗ ತಾವರೆ 2005ರ ಸುಮಾರಿಗೆ ಕೃಷಿ ಪ್ರವಾಸವನ್ನು ಸಂಘಟಿತ ರೂಪದಲ್ಲಿ ಶುರುಮಾಡಿದರು. 2020ರಲ್ಲಿ ಅಲ್ಲಿಯ ಸರ್ಕಾರ ಅದಕ್ಕೆಂದೇ ನೀತಿ ತಂದಿತು. ಮಹಾಬಳೇಶ್ವರ, ಪಂಚಗಣಿಯಲ್ಲಿ ಸ್ಟ್ರಾಬೆರಿ ಹೊಲಕ್ಕೆ ಇಳಿಸಿ ಹರಿಸುತ್ತಾರೆ. ಎಳೆ ಜೋಳದ ತೆನೆ ಸುಟ್ಟು ತಿನ್ನುವ ನಮ್ಮ ಸೀತನಿಯನ್ನು ಅವರು ಹುರ್ಡಾ ಎನ್ನುತ್ತಾರೆ. ಚಳಿಗಾಲ ಬಂದರೆ ಪುಣೆಯಿಂದ ಸೊಲ್ಲಾಪುರದವರೆಗೆ ಹುರ್ಡಾ ಪಾರ್ಟಿಯ ಜಾಹೀರಾತು, ತಲೆಗಿಷ್ಟು ದರ, ಮುಂಗಡ ಬುಕಿಂಗ್. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿಶ್ವವಿದ್ಯಾಲಯ ಹುರ್ಡಾಕ್ಕೆಂದೇ ‘ಫುಲೆ ಉತ್ತರಾ’, ‘ಫುಲೆ ಮಧುರ’ ತಳಿಗಳನ್ನು ಬಿಟ್ಟಿದೆ. ಗಬ್ಬೂರಿನಿಂದ ಕುಂದಗೋಳಕ್ಕೆ ಹೋಗುವ ದಾರಿಯಲ್ಲಿ ಸೀತನಿಯ ಸುಖವೇನು ಕಡಿಮೆಯಿಲ್ಲ. ಹಾಲುಗಾಳು ಗಟ್ಟಿಯಾಗುವ ಮುನ್ನ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ, ಮರದಲ್ಲಿ ಕೇರಿ, ಬೆಲ್ಲವೋ ಶೇಂಗಾ ಹಿಂಡಿಯೋ ಹಚ್ಚಿಕೊಂಡು ತಿನ್ನುವುದು. ಆದರೆ ಅದು ಸಿಗಬೇಕಾದರೆ ಪರಿಚಯದ ಹೊಲದವರು ಬೇಕು. ಪರಿಚಯ ಇಲ್ಲದವರಿಗೆ ದಾರಿಯಿಲ್ಲ, ಹೊಲದವರಿಗೆ ಅದರಿಂದ ಆದಾಯವಿಲ್ಲ.

‘ಕರದ ಉಣಿಸೋದಕ್ಕ ರೊಕ್ಕಾ ಹ್ಯಾಂಗ ಇಸಗೊಳ್ಳೋದ್ರೀ’ ಎಂಬ ಮುಜುಗರ ನಮ್ಮ ರೈತರಿಗಿದೆ. ಅದು ದೊಡ್ಡ ಗುಣವೇ. ಆದರೆ ಶೀಗಿ ಹುಣ್ಣಿಮೆಗೆ ಬಂಧುಗಳನ್ನು ಕರೆಯುವುದು ಬೇರೆ, ಭಾನುವಾರ ಮಕ್ಕಳಿಗೆ ಹೊಲ ತೋರಿಸಲು ಬಂದ ಗುರುತಿಲ್ಲದವರಿಗೆ ಹಸಿ ಶೇಂಗಾ ಕೀಳಿಸಿ ಹಣ ತೆಗೆದುಕೊಳ್ಳುವುದು ಬೇರೆ. ಎರಡನೆಯದರಲ್ಲಿ ನಾಚುವಂಥದ್ದೇನೂ ಇಲ್ಲ. ಇದಕ್ಕೆ ದೊಡ್ಡ ಬಂಡವಾಳವೂ ಬೇಡ. ಗಾಡಿ ನಿಲ್ಲಿಸಲು ಜಾಗ, ಕುಡಿಯಲು ನೀರು, ಒಂದು ಶೌಚಾಲಯ, ನೆರಳು, ಹರಿಯಲು ಬಿಟ್ಟ ಸಾಲುಗಳಿಗೆ ಒಂದು ಗುರುತು ಸಾಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಪ್ರತಿವರ್ಷ ಸೆಪ್ಟೆಂಬರ್ ಹೊತ್ತಿಗೆ ನಡೆಸುವ ಕೃಷಿ ಮೇಳಕ್ಕೆ ಪೇಟೆಯವರೂ ಮುಗಿಬಿದ್ದು ಬರುತ್ತಾರೆ. ಅಲ್ಲಿ ಟ್ರ್ಯಾಕ್ಟರ್ ಮಳಿಗೆಗಳ ಪಕ್ಕದಲ್ಲಿ ಇಂಥ ಹೊಲಗಳ ಹೆಸರು, ಫೋನ್ ನಂಬರ್ ಬರೆದ ಒಂದು ಫಲಕ ಹಾಕಿದರೂ ಕೆಲಸ ಶುರುವಾಗುತ್ತದೆ.

ಹೋಗುವವರಿಗೂ ನಾಲ್ಕು ಮಾತು. ಮಳೆ ಬಿದ್ದ ಮರುದಿನ ಎರೆಹೊಲಕ್ಕೆ ಹೋಗಬೇಡಿ. ಕಾಲು ಹೂಳುತ್ತದೆ, ಬೆಳೆಯೂ ಹಾಳು. ಬದುವಿನ ಮೇಲೆ ನಡೆಯಿರಿ, ಸಾಲಿನ ಮೇಲಲ್ಲ. ಹುಲ್ಲಿನಲ್ಲಿ ಹಾವು ಇರುತ್ತದೆ, ಚಪ್ಪಲಿ ಬಿಟ್ಟು ಬೂಟು ಹಾಕಿ. ತಂದ ಪ್ಲಾಸ್ಟಿಕ್ ವಾಪಸ್ ಒಯ್ಯಿರಿ. ಕೇಳದೆ ಒಂದು ಕಾಯಿಯನ್ನೂ ಹರಿಯಬೇಡಿ. ಹರಿದ ಮೇಲೆ ಹೊಲದವರು ಹೇಳಿದ ರೇಟನ್ನು ಚೌಕಾಸಿ ಮಾಡದೆ ಕೊಟ್ಟು ಬನ್ನಿ. ಅವರು ಬೇಡವೆಂದರೆ ಮಕ್ಕಳ ಕೈಯಲ್ಲಿ ಕೊಡಿಸಿ, ಆಗ ಇಸಿದುಕೊಳ್ಳುತ್ತಾರೆ.