ವೈಮಾನಿಕರ ವೇತನವೂ ವಾಯುಪಡೆಯ ಬಲವೂ

ಹುಮನಾಬಾದ್, ಬಸವಕಲ್ಯಾಣಗಳ ಕಡೆಯವರಿಗೆ ವಿಮಾನದ ಸದ್ದು ಹೊಸದೇನಲ್ಲ. ಜಿಲ್ಲೆಯ ಮುಖ್ಯ ಪಟ್ಟಣವಾದ ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಮುಂದೆ ಯುದ್ಧವಿಮಾನ ನಡೆಸಬೇಕಾದ ತರುಣ ತರುಣಿಯರು 2008ರಿಂದ ಅಲ್ಲಿ ಹಾಕ್ ಎಂಬ ಜೆಟ್ ವಿಮಾನಗಳಲ್ಲಿ ಅಭ್ಯಾಸ ಮಾಡುತ್ತಾರೆ. ತಲೆಯೆತ್ತಿ ನೋಡಿದವರು, ಈ ವಿಮಾನಕ್ಕೆ ಎಷ್ಟು ಕೋಟಿ ಬಿದ್ದಿರಬಹುದು ಎಂದು ಕೇಳುವುದುಂಟು. ಅದರೊಳಗೆ ಕುಳಿತವನಿಗೆ ಸಂಬಳವೆಷ್ಟು, ಆತ ಆ ಕೆಲಸದಲ್ಲಿ ಎಷ್ಟು ವರ್ಷ ನಿಲ್ಲುತ್ತಾನೆ ಎಂದು ಕೇಳುವವರು ವಿರಳ. ವಾಯುಪಡೆಯ ಬಲವಾದರೋ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿದೆ.

ಹಣವಿದ್ದ ಮಾತ್ರಕ್ಕೆ ವಾಯುಬಲ ಬಾರದು ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನವಿದೆ. 1948ರಲ್ಲಿ ಹೈದರಾಬಾದಿನ ನಿಜಾಮರು ಜಗತ್ತಿನ ಮಹಾ ಶ್ರೀಮಂತರಲ್ಲಿ ಒಬ್ಬರೆಂದು ಹೆಸರಾಗಿದ್ದರು. ಅವರಿಗೆ ಸೈನ್ಯವಿತ್ತು; ಹೋರಾಡಬಲ್ಲ ವಾಯುಪಡೆ ಇರಲಿಲ್ಲ. ಶಸ್ತ್ರಾಸ್ತ್ರಗಳನ್ನು ತರಿಸಲು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನನ್ನು ಹಣಕ್ಕೆ ಗೊತ್ತುಮಾಡಲಾಯಿತು. ಅವನ ವಿಮಾನಗಳು ಕರಾಚಿಯಿಂದ ಬಂದು ಬೀದರ್, ವರಂಗಲ್‌ಗಳಲ್ಲಿ ಇಳಿದವು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಒಳಗೆ ಬಂದಿತು. ಮರುದಿನ ಅದು ಉಮರ್ಗಾದಿಂದ ರಾಜೇಶ್ವರದತ್ತ ಸಾಗಬೇಕಾಗಿದ್ದಾಗ, ದಾರಿಯುದ್ದಕ್ಕೂ ಎದುರು ಪಡೆಗಳು ಹೊಂಚುಹಾಕಿ ಕುಳಿತಿರುವುದು ವಿಮಾನದಿಂದ ನೋಡಿದವರಿಗೆ ತಿಳಿಯಿತು. ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ದಾಳಿ ನಡೆಸಿ ದಾರಿ ತೆರವು ಮಾಡಿದವು. ಮಧ್ಯಾಹ್ನದೊಳಗೆ ರಾಜೇಶ್ವರ ಕೈಸೇರಿತು. ಬಸವಕಲ್ಯಾಣ ತಾಲ್ಲೂಕಿನ ಆ ಊರನ್ನು ಹುಮನಾಬಾದಿನ ದಾರಿಯಲ್ಲಿ ನೀವು ಎಷ್ಟೋ ಸಲ ದಾಟಿದ್ದೀರಿ. ಬಾಡಿಗೆಗೆ ತಂದ ರೆಕ್ಕೆಗೂ ಸ್ವಂತ ರೆಕ್ಕೆಗೂ ಇರುವ ಅಂತರ ಆ ದಿನ ಈ ರಸ್ತೆಯ ಮೇಲೆಯೇ ತಿಳಿದುಹೋಯಿತು. ಬಾಡಿಗೆಯ ವೈಮಾನಿಕ ಸರಕನ್ನು ಇಳಿಸಿ ಹೋಗುತ್ತಾನೆ. ಯುದ್ಧದ ದಿನ ನಿಲ್ಲುವವನು ಬೇರೆ.

ಹಾಗಾದರೆ ಇಂದು ನಮ್ಮ ಬಲವೆಷ್ಟು? ವಾಯುಪಡೆಯ ಬಲವನ್ನು ಸ್ಕ್ವಾಡ್ರನ್ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಸ್ಕ್ವಾಡ್ರನ್ ಎಂದರೆ ಸುಮಾರು 16ರಿಂದ 18 ಯುದ್ಧವಿಮಾನಗಳು. ಸರ್ಕಾರ ಮಂಜೂರು ಮಾಡಿರುವುದು 42 ಸ್ಕ್ವಾಡ್ರನ್. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳು ನಿವೃತ್ತವಾದಾಗ ಉಳಿದದ್ದು 29. ಈ ಕೊರತೆಯನ್ನು ತುಂಬಲೆಂದು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಗೆ 2021ರಲ್ಲಿ 83 ತೇಜಸ್ ವಿಮಾನಗಳಿಗೂ, 2025ರಲ್ಲಿ ಇನ್ನೂ 97ಕ್ಕೂ ಆದೇಶ ಕೊಡಲಾಗಿದೆ.

ಇದು ಯಂತ್ರಗಳ ಲೆಕ್ಕವಾಯಿತು. ಇನ್ನು ಮನುಷ್ಯರ ಲೆಕ್ಕ. ಮಹಾಲೇಖಪಾಲರು 2024ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದಿಟ್ಟ ವರದಿಯಂತೆ, 2015ರ ಫೆಬ್ರವರಿಯಲ್ಲಿ ವಾಯುಪಡೆಗೆ 486 ವೈಮಾನಿಕರ ಕೊರತೆಯಿತ್ತು. 2021ರ ಕೊನೆಗೆ ಅದು 596ಕ್ಕೆ ಏರಿತು. ನಡುವಿನ ವರ್ಷಗಳಲ್ಲಿ ವರ್ಷಕ್ಕೆ 222 ಮಂದಿಯನ್ನು ತರಬೇತಿಗೆ ಸೇರಿಸಿಕೊಳ್ಳಬೇಕೆಂಬ ಯೋಜನೆಯಿದ್ದರೂ ಅಷ್ಟು ಮಂದಿ ಸೇರಲಿಲ್ಲ.

ವಿಮಾನಗಳೇ ಕಡಿಮೆಯಾಗಿರುವಾಗ ವೈಮಾನಿಕರು ಕಡಿಮೆಯಾದರೇನು ಎಂದು ನೀವು ಕೇಳಬಹುದು. ನಿಮ್ಮ ಊರಿನ ಬಸ್ ಡಿಪೋವನ್ನೇ ನೆನೆಯಿರಿ. ಡಿಪೋದಲ್ಲಿ ಮೂವತ್ತು ಬಸ್ಸುಗಳಿದ್ದರೆ ಮೂವತ್ತೇ ಚಾಲಕರು ಸಾಲುವರೆ? ಒಬ್ಬನಿಗೆ ಜ್ವರ, ಒಬ್ಬನಿಗೆ ರಜೆ, ರಾತ್ರಿ ಬಂದವನಿಗೆ ನಿದ್ರೆ ಬೇಕು, ಹೊಸಬನಿಗೆ ಕಲಿಸಲು ಹಳಬನೊಬ್ಬ ಬೇಕು. ವಾಯುಪಡೆಯಲ್ಲೂ ಹೀಗೆಯೇ. ಯುದ್ಧದ ದಿನಗಳಲ್ಲಿ ಒಂದೇ ವಿಮಾನ ಇಂಧನ ತುಂಬಿಕೊಂಡು ಹಗಲಿಗೆ ಹಲವು ಸಲ ಏರಬಲ್ಲದು. ಒಬ್ಬನೇ ಮನುಷ್ಯ ಏರಲಾರ. ಇದಲ್ಲದೆ ಹೆಲಿಕಾಪ್ಟರುಗಳಿಗೆ, ಸಾಗಣೆ ವಿಮಾನಗಳಿಗೆ, ತರಬೇತಿ ಶಾಲೆಗಳಿಗೆ, ಕೇಂದ್ರ ಕಚೇರಿಗಳಿಗೆ ಎಲ್ಲಕ್ಕೂ ವೈಮಾನಿಕರೇ ಬೇಕು. ನಾಳೆ ಹೊಸ ತೇಜಸ್ ವಿಮಾನಗಳು ಸಾಲಾಗಿ ಬಂದು ನಿಂತಾಗ ಅವುಗಳ ಜೊತೆಗೆ ವೈಮಾನಿಕರು ಕಾರ್ಖಾನೆಯಿಂದ ಬರುವುದಿಲ್ಲ.

ಅವರು ತಯಾರಾಗುವ ಬಗೆಯನ್ನು ನೋಡೋಣ. ಪಿಯುಸಿ ಮುಗಿಸಿದ ಹುಡುಗ ಪುಣೆಯ ಬಳಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಮೂರು ವರ್ಷ ಕಲಿಯುತ್ತಾನೆ. ಆಮೇಲೆ ಹೈದರಾಬಾದಿನ ಬಳಿಯ ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿ. ಪದವಿ ಮುಗಿಸಿ ನೇರವಾಗಿ ಅಲ್ಲಿಗೆ ಸೇರುವವರೂ ಇದ್ದಾರೆ. ಯುದ್ಧವಿಮಾನಕ್ಕೆ ಆಯ್ಕೆಯಾದವರಿಗೆ ಬೀದರಿನ ಹಾಕ್ ಅಭ್ಯಾಸವಿದೆ. ಸಾಗಣೆ ವಿಮಾನ ನಡೆಸುವವರು ಬೆಂಗಳೂರಿನ ಯಲಹಂಕಕ್ಕೆ ಹೋಗುತ್ತಾರೆ. 2016ರಲ್ಲಿ ಅಧಿಕಾರಿಗಳಾದ ಮೊದಲ ಮೂವರು ಮಹಿಳಾ ಯುದ್ಧವೈಮಾನಿಕರೂ ಹಾಕ್ ಅಭ್ಯಾಸಕ್ಕೆ ಬೀದರಿಗೇ ಬಂದರು. ಇಷ್ಟಾದ ಮೇಲೂ ಅವರು ತರುಣ ವೈಮಾನಿಕರೇ. ಸ್ಕ್ವಾಡ್ರನ್ನಿನಲ್ಲಿ ಹಲವು ವರ್ಷ ಹಾರಿದ ಮೇಲೆ ಇತರರನ್ನು ಮುನ್ನಡೆಸುವ ಯೋಗ್ಯತೆ ಬರುತ್ತದೆ. ಮದ್ರಾಸಿನ ಬಳಿಯ ತಾಂಬರಂನಲ್ಲಿ ಬೋಧಕರ ಶಿಕ್ಷಣ ಪಡೆದರೆ ಕಲಿಸುವ ಅಧಿಕಾರ ಬರುತ್ತದೆ.

ಈಗ ವೇತನದ ಮಾತು. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ಊರಿನವರಿಗೆ ಲೆಕ್ಕ ಹೇಳಲು ಸಂಕೋಚವಾದರೂ ಅಂಕಿಗಳನ್ನು ಕೊಡಲೇಬೇಕು. 2016ರ ಜನವರಿ 1ರಿಂದ ಜಾರಿಗೆ ಬಂದ 7ನೇ ವೇತನ ಆಯೋಗದಂತೆ, ಹೊಸದಾಗಿ ಸೇರಿದ ಫ್ಲೈಯಿಂಗ್ ಆಫೀಸರನ ಮೂಲವೇತನ ತಿಂಗಳಿಗೆ 56,100 ರೂಪಾಯಿ. ಅದಕ್ಕೆ ಸೈನಿಕ ಸೇವಾ ವೇತನ 15,500, ಹಾರಾಟದ ಭತ್ಯೆ 25,000 ಸೇರುತ್ತದೆ. ಒಟ್ಟು 96,600, ತುಟ್ಟಿಭತ್ಯೆ ಬೇರೆ. ಎರಡು ವರ್ಷಕ್ಕೆ ಫ್ಲೈಟ್ ಲೆಫ್ಟಿನೆಂಟ್, ಆರು ವರ್ಷಕ್ಕೆ ಸ್ಕ್ವಾಡ್ರನ್ ಲೀಡರ್, ಹದಿಮೂರು ವರ್ಷಕ್ಕೆ ವಿಂಗ್ ಕಮಾಂಡರ್ ಆಗಬಹುದು. ವಿಂಗ್ ಕಮಾಂಡರನ ಮೂಲವೇತನ ಆರಂಭವಾಗುವುದು 1,21,200ರಿಂದ. ಈ ಮೊತ್ತಗಳು ಸಣ್ಣವಲ್ಲ. ಇಪ್ಪತ್ತೆರಡರ ತರುಣನಿಗೆ ಇಷ್ಟು ಸಂಬಳ ಹಳ್ಳಿಪಟ್ಟಣಗಳಲ್ಲಿ ಸುಲಭವಾಗಿ ದೊರೆಯದು. ಆದುದರಿಂದ ಸೇರುವ ದಿನದ ಸಂಬಳ ಈ ಸಮಸ್ಯೆಯ ಮೂಲವಲ್ಲ.

ತೊಡಕು ಕಾಣಿಸಿಕೊಳ್ಳುವುದು ಮೂವತ್ತೈದು ನಲವತ್ತರ ವಯಸ್ಸಿನ ಸುಮಾರಿಗೆ. ಅಲ್ಲಿಯವರೆಗೆ ಬಡ್ತಿ ಕಾಲಕ್ಕೆ ಸರಿಯಾಗಿ ಬರುತ್ತದೆ. ಅಲ್ಲಿಂದ ಮೇಲೆ ಏಣಿ ಕಿರಿದಾಗುತ್ತದೆ. ಗ್ರೂಪ್ ಕ್ಯಾಪ್ಟನ್ ಪದವಿಗೆ ಆಯ್ಕೆಯಿಂದ ಏರುವವರು ಕೆಲವರೇ. ಉಳಿದವರು ಅದಕ್ಕೆ 26 ವರ್ಷದ ಸೇವೆಯವರೆಗೆ ಕಾಯಬೇಕು. ಕೇಂದ್ರದ ನಾಗರಿಕ ಸೇವೆಗಳ ಮೇಲ್ದರ್ಜೆಯ ಅಧಿಕಾರಿಗಳಿಗೆ 2006ರಿಂದ ಒಂದು ಅನುಕೂಲ ದೊರೆತಿದೆ: ಬಡ್ತಿ ಸಿಗದಿದ್ದರೂ ಕೆಲಕಾಲದ ಮೇಲೆ ಮೇಲಿನ ದರ್ಜೆಯ ವೇತನ ಸಿಗುತ್ತದೆ. ಅದು ಸೈನ್ಯಾಧಿಕಾರಿಗಳಿಗೆ ದೊರೆಯಲಿಲ್ಲ ಎಂಬುದು ಅವರ ಬಹುದಿನದ ಕೊರಗು. ಇನ್ನೊಂದು ಮಾತು: ಪದವಿ ಏರಿದಂತೆ ಹಾರಾಟ ಕಡಿಮೆಯಾಗಿ ಕಡತ ಹೆಚ್ಚುತ್ತದೆ. ಹಾರುವುದಕ್ಕೆಂದೇ ಬಂದವನಿಗೆ ಮೇಜಿನ ಕೆಲಸ ರುಚಿಸುವುದು ಕಷ್ಟ. ಹೊರಗಿನ ವಿಮಾನ ಕಂಪನಿಯಲ್ಲಿ 65ರ ವಯಸ್ಸಿನವರೆಗೆ ಹಾರಬಹುದು. ಆ ಕಂಪನಿಗಳೂ ಬೆಳೆಯುತ್ತಿವೆ; 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಅಷ್ಟು ವಿಮಾನಗಳಿಗೆ ನುರಿತ ಕೈಗಳು ಬೇಡವೆ? ಅದರ ಜೊತೆಗೆ ಮೇಲಿಂದ ಮೇಲೆ ವರ್ಗ, ಮಕ್ಕಳಿಗೆ ಹೊಸ ಹೊಸ ಶಾಲೆ, ಊರಲ್ಲಿ ವಯಸ್ಸಾದ ತಂದೆತಾಯಿ. ಮನೆಯಾಕೆಯ ಉದ್ಯೋಗ ಒಂದೆಡೆ, ಗಂಡನ ನೆಲೆ ಇನ್ನೊಂದೆಡೆ. ಈ ಲೆಕ್ಕ ವೇತನದ ಚೀಟಿಯಲ್ಲಿ ಕಾಣುವುದಿಲ್ಲ. ರಾಜೀನಾಮೆಯ ಹಿಂದೆ ಇರುತ್ತದೆ.

ನಿಲ್ಲಿಸಿಕೊಳ್ಳಲು ಸರ್ಕಾರದ ಕೈಯಲ್ಲಿ ಕೆಲವು ಸಾಧನಗಳಿವೆ. ಅಧಿಕಾರಿಗೆ ನಿವೃತ್ತಿವೇತನ ದೊರೆಯಬೇಕಾದರೆ 20 ವರ್ಷ ಸೇವೆ ಆಗಿರಬೇಕು. ಅವಧಿಗೆ ಮೊದಲು ಬಿಡಲು ಅನುಮತಿ ಬೇಕು. 2015ರಲ್ಲಿ ಬಂದ ಸಮಾನ ಪದವಿ ಸಮಾನ ಪಿಂಚಣಿಯ ಆದೇಶದಲ್ಲಿ, ಮುಂದೆ ಸ್ವಇಚ್ಛೆಯಿಂದ ಬೇಗ ಬಿಡುವವರಿಗೆ ಆ ಲಾಭವಿಲ್ಲವೆಂದು ಹೇಳಲಾಯಿತು. ಇವೆಲ್ಲ ಬೇಲಿಗಳು. ಹೊಲಕ್ಕೆ ಬೇಲಿ ಬೇಕು, ನಿಜ. ಬೇಲಿಯಿಂದಲೇ ತೊಗರಿ ಬೆಳೆಯುವುದಿಲ್ಲ. ಅಲ್ಪಾವಧಿ ಸೇವೆಗೆ ಸೇರಿದ ವೈಮಾನಿಕನಂತೂ 14 ವರ್ಷ ದುಡಿದು, ಪಿಂಚಣಿಯಿಲ್ಲದೆ, ಅನುಭವದ ತುಂಬು ಪ್ರಾಯದಲ್ಲಿ ಹೊರಗೆ ಹೋಗುತ್ತಾನೆ.

ಹೀಗೆ ಹೋದವನ ಜೊತೆಗೆ ಹೋಗುವುದೇನು ಎಂಬುದನ್ನು ಗಮನಿಸಿರಿ. ಆತ ಕೇವಲ ಒಂದು ವಿಮಾನದ ಚಾಲಕನಲ್ಲ. ಮುಂದಿನ ತಂಡಕ್ಕೆ ಗುರುವಾಗಬೇಕಾಗಿದ್ದವನು. ಬೀಜಕ್ಕೆಂದು ತೆಗೆದಿಟ್ಟ ಜೋಳವನ್ನು ಪೇಟೆಗೆ ಕಳಿಸಿದರೆ ಈ ವರ್ಷದ ಸಂತೆಗೆ ನಷ್ಟವಿಲ್ಲ, ಬರುವ ವರ್ಷದ ಬಿತ್ತನೆಗೆ ತಿಳಿಯುತ್ತದೆ. ಬೋಧಕರು ಕಡಿಮೆಯಾದರೆ ಕಲಿಯುವವರ ಸಂಖ್ಯೆಯನ್ನು ಇಳಿಸಬೇಕಾಗುತ್ತದೆ. ಕಲಿತವರು ಕಡಿಮೆಯಾದರೆ ಇದ್ದವರ ಮೇಲೆ ಹೊರೆ ಹೆಚ್ಚುತ್ತದೆ. ಹೊರೆ ಹೆಚ್ಚಿದರೆ ಬಿಟ್ಟುಹೋಗುವವರು ಹೆಚ್ಚುತ್ತಾರೆ. ಕೊರತೆ ಕೊರತೆಯನ್ನೇ ಹೆರುತ್ತದೆ.

ಹಾಗೆಂದು ಕಂಪನಿಗಳ ಜೊತೆ ಸರ್ಕಾರ ಸಂಬಳದ ಹರಾಜಿಗೆ ನಿಲ್ಲಬೇಕೆಂದಲ್ಲ. ಆ ಹರಾಜಿನಲ್ಲಿ ಸರ್ಕಾರ ಗೆಲ್ಲಲಾರದು, ಗೆಲ್ಲಬೇಕಾಗಿಯೂ ಇಲ್ಲ. ವಾಯುಪಡೆ ಸೇರುವ ಮಕ್ಕಳು ಹಣವೊಂದನ್ನೇ ಎಣಿಸಿ ಬಂದವರಲ್ಲ. 2019ರ ಫೆಬ್ರವರಿಯಲ್ಲಿ ಬೆಂಗಳೂರಿನ ವಿಮಾನ ಪ್ರದರ್ಶನದ ಅಭ್ಯಾಸದಲ್ಲಿ ಬೀದರಿನ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮಡಿದರು. ಅಂಥ ಅಪಾಯಕ್ಕೆ 25,000 ರೂಪಾಯಿ ಬೆಲೆಯೆಂದು ಯಾರೂ ಭಾವಿಸುವುದಿಲ್ಲ. ಆದರೆ ಅನುಭವಿ ವೈಮಾನಿಕನನ್ನು ಹಾರುವ, ಕಲಿಸುವ ಕೆಲಸದಲ್ಲಿಯೇ ಗೌರವದಿಂದ ಇರಿಸುವ ದಾರಿ, ಬಡ್ತಿ ತಪ್ಪಿದವನಿಗೆ ನ್ಯಾಯವಾದ ವೇತನ, ಮಕ್ಕಳ ಓದು ಕೆಡದಂಥ ವರ್ಗಾವಣೆ, ಹದಿನಾಲ್ಕು ವರ್ಷ ದುಡಿದವನ ಮುಂದಿನ ಬಾಳಿಗೆ ಆಧಾರ, ಇಷ್ಟನ್ನು ದೇಶ ಕೊಡಬಲ್ಲದು.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ವಾಯುಪಡೆಗೆ ಸೇರುವೆನೆಂದರೆ ಸೇರುವ ದಿನದ ಸಂಬಳವೆಷ್ಟೆಂದು ಕೇಳುವುದರ ಜೊತೆಗೆ, ಹದಿನೈದನೆಯ ವರ್ಷದಲ್ಲಿ ಏನಿದೆ ಎಂಬುದನ್ನೂ ವಿಚಾರಿಸಿರಿ. ಸ್ಕ್ವಾಡ್ರನ್ನುಗಳ ಸಂಖ್ಯೆ ಪತ್ರಿಕೆಯಲ್ಲಿ ಬಂದಾಗ, ಅವುಗಳಲ್ಲಿ ಕುಳಿತು ಹಾರುವವರೂ ಕಲಿಸುವವರೂ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು ಹುಡುಕಿ ಓದಿರಿ. ವಿಮಾನವನ್ನು ಹಣ ಕೊಟ್ಟು ಕೆಲವು ವರ್ಷಗಳಲ್ಲಿ ತರಿಸಬಹುದು. ಹದಿನೈದು ವರ್ಷ ಹಾರಿದ ವೈಮಾನಿಕನನ್ನು ಪಡೆಯಲು ಹದಿನೈದು ವರ್ಷವೇ ಬೇಕು.