ಡಂಗುರ ಸಾರದ ಆಫೀಸು

ತಿಪಟೂರಿನಲ್ಲಿ ನಮ್ಮ ಮನೆಯ ಹತ್ತಿರ ಒಂದು ಔಷಧಿ ಅಂಗಡಿ ಇದೆ. ಅದರ ಮಹಡಿಯ ಮೇಲೆ ಪುಟ್ಟದೊಂದು ಬೋರ್ಡು. ನನ್ನ ಸೊಸೆಯ ಹೆಸರು, ಕೆಳಗೆ 'ಚಾರ್ಟರ್ಡ್ ಅಕೌಂಟೆಂಟ್' ಎಂಬ ಎರಡು ಪದ, ಅಷ್ಟೆ. ನಮ್ಮ ಕಡೆಯ ಜನ ಅವರನ್ನು 'ಆಡಿಟರ್' ಅಂತಲೇ ಕರೆಯುವುದು.

ನಾಲ್ಕು ವರ್ಷದ ಹಿಂದೆ ಆ ಆಫೀಸು ತೆರೆದಾಗ ಮೂರು ತಿಂಗಳು ಯಾರೂ ಮೆಟ್ಟಿಲು ಹತ್ತಲಿಲ್ಲ. ಬಾಡಿಗೆ ಮಾತ್ರ ತಿಂಗಳ ಮೊದಲ ತಾರೀಖಿಗೆ ತಪ್ಪದೆ ಹೋಗುತ್ತಿತ್ತು. "ಯುಗಾದಿವರೆಗೆ ನೋಡ್ತೀನಿ ಮಾವ, ಆಗದಿದ್ದರೆ ಬೆಂಗಳೂರಲ್ಲಿ ಕೆಲಸ ಹುಡುಕಿಕೊಳ್ತೀನಿ" ಎಂದಳು ಸೊಸೆ. ಅವಳು ಹೋದರೆ ಮಗ, ಮೊಮ್ಮಗ ಎಲ್ಲರೂ ಹೋದಂತೆಯೇ. ಮನೆಯಲ್ಲಿ ಉಳಿಯುವವರು ನಾನು, ನನ್ನಾಕೆ ಮತ್ತು ಗೋಡೆ ಗಡಿಯಾರ.

ಮೊಮ್ಮಗ ಆಗ ನಾಲ್ಕನೇ ಕ್ಲಾಸು. ಅವನೇ ಉಪಾಯ ಹೇಳಿದ. "ತಾತ, ಸರ್ಕಸ್ಸಿನವರ ಹಾಗೆ ಆಟೋಗೆ ಮೈಕ್ ಕಟ್ಟಿಸೋಣ!" ಮೈಕು ಜಾಸ್ತಿಯಾಯಿತು ಅನ್ನಿಸಿತು. ಆದರೆ ಯಾರಿಗೂ ಹೇಳದೆ ಪ್ರೆಸ್ಸಿಗೆ ಹೋಗಿ 500 ಕರಪತ್ರ ಅಚ್ಚು ಹಾಕಿಸಿದೆ. 'ತೆರಿಗೆ ಚಿಂತೆಯೇ? ಇಂದೇ ಭೇಟಿ ಕೊಡಿ!' ಸಂಜೆ ಪಾರ್ಕಿನಲ್ಲಿ ಪಿಂಚಣಿದಾರ ಗೆಳೆಯರಿಗೆ 12 ಹಂಚಿ, ಜಂಬದಿಂದ ಮನೆಗೆ ಬಂದೆ.

ಒಂದು ಕರಪತ್ರ ಸೊಸೆಯ ಕೈಗೆ ಸಿಕ್ಕಿತು. ಅವಳು ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತು ಹೇಳಿದಳು: "ಮಾವ, ಇದರಿಂದ ನನ್ನ ಕೆಲಸಕ್ಕೇ ಕುತ್ತು ಬರುತ್ತೆ."

ಮಕ್ಕಳೇ, ಈ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಜೀವಮಾನ ಕಳೆದ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಸಾಬೂನು, ಬಿಸ್ಕತ್ತು ಮಾರುವವರು ಜಾಹೀರಾತು ಕೊಡಬಹುದು. ಚಾರ್ಟರ್ಡ್ ಅಕೌಂಟೆಂಟರಿಗೆ ಆ ಸ್ವಾತಂತ್ರ್ಯವಿಲ್ಲ. 1949ರ ಕಾಯಿದೆಯ ಪ್ರಕಾರ ಕರಪತ್ರ, ಜಾಹೀರಾತು ಅಥವಾ ಮುಖತಃ ಮಾತಿನ ಮೂಲಕ ಕಕ್ಷಿದಾರರನ್ನು ಕರೆಯುವುದು ತಪ್ಪು. ಬೇರೆಯವರ ಕೈಯಲ್ಲಿ ಮಾಡಿಸಿದರೂ ತಪ್ಪೇ. ಈಚೆಗೆ ವೆಬ್‌ಸೈಟ್ ಮುಂತಾದವಕ್ಕೆ ಕಟ್ಟುಪಾಡಿನೊಳಗೆ ಅವಕಾಶ ಕೊಟ್ಟಿದ್ದಾರೆ. ವಕೀಲರಿಗೂ ಇಂಥದೇ ನಿಯಮ ಉಂಟು.

"ಲೆಕ್ಕ ನೋಡೋರು ಗಿರಾಕಿ ಹಿಂದೆ ಓಡಿದರೆ, ಆಮೇಲೆ ಅವರ ತಪ್ಪನ್ನ ತಪ್ಪು ಅಂತ ಹೇಳೋ ಧೈರ್ಯ ಇರುತ್ತಾ ಮಾವ?" ಎಂದಳು.

ಮಾರನೆಯ ಬೆಳಿಗ್ಗೆ 12 ಮನೆಗೂ ಹೋಗಿ ಕರಪತ್ರ ವಾಪಸ್ ಕೇಳಿದೆ. 11 ಸಿಕ್ಕವು. ಹನ್ನೆರಡನೆಯದು ಕಡಲೆಕಾಯಿ ಪೊಟ್ಟಣವಾಗಿತ್ತು.

ಹಾಗಾದರೆ ಜನ ಬರುವುದು ಹೇಗೆ? ಆಗ ನನ್ನ ಹಳೆಯ ಬ್ಯಾಂಕು ನೆನಪಾಯಿತು. ಹಿತ್ತಾಳೆ ಟೋಕನ್, ದಪ್ಪ ಲೆಡ್ಜರುಗಳ ಕಾಲ. ನನ್ನ ಕೌಂಟರು ಚುರುಕು, ಆದರೂ ಹಳ್ಳಿಯವರು ಪಕ್ಕದ ಸಹೋದ್ಯೋಗಿಯ ಉದ್ದನೆಯ ಸಾಲಿನಲ್ಲೇ ನಿಲ್ಲುತ್ತಿದ್ದರು. ಒಮ್ಮೆ ಒಬ್ಬ ರೈತನನ್ನು ಯಾಕೆ ಅಂತ ಕೇಳಿಯೇಬಿಟ್ಟೆ. "ಅವರು ಪಾಸ್‌ಬುಕ್ಕು ಓದಿ ಹೇಳ್ತಾರೆ ಸ್ವಾಮಿ" ಎಂದ. ಆ ಮಾತು ಸೊಸೆಗೆ ಹೇಳಿದೆ. ಸುಮ್ಮನೆ ನಕ್ಕಳು.

ಕೆಲವು ದಿನದ ಮೇಲೆ ಕೆಳಗಿನ ಅಂಗಡಿಗೆ ಮಾತ್ರೆ ಕೊಳ್ಳಲು ಬಂದ ಅಜ್ಜಿಯೊಬ್ಬರು ಬೋರ್ಡು ನೋಡಿ ಮೆಟ್ಟಿಲು ಹತ್ತಿದರು. ನಾನು ಅಲ್ಲೇ ಪೇಪರ್ ಓದುತ್ತಿದ್ದೆ. "ನನ್ನ ಬಡ್ಡಿ ದುಡ್ಡಲ್ಲಿ ಹಿಡ್ಕಂಡವ್ರೆ ಕಣವ್ವ" ಎಂದು ಚೀಲದಿಂದ ಕಾಗದ ತೆಗೆದರು. ಠೇವಣಿಗೆ 62,000 ರೂಪಾಯಿ ಬಡ್ಡಿ ಬಂದಿತ್ತು. ಆಗಿನ ನಿಯಮದಂತೆ ಹಿರಿಯರ ಬಡ್ಡಿ ವರ್ಷಕ್ಕೆ 50,000 ದಾಟಿದರೆ ನೂರಕ್ಕೆ ಹತ್ತರಂತೆ ತೆರಿಗೆ ಮುರಿಯುತ್ತಿದ್ದರು. ಅಂದರೆ 6,200 ಹೋಗಿತ್ತು. ಆದರೆ ಪಿಂಚಣಿ ಸೇರಿಸಿದರೂ ಅಜ್ಜಿಯ ವರಮಾನ ತೆರಿಗೆಯ ಮಟ್ಟಕ್ಕೆ ಬರುತ್ತಿರಲಿಲ್ಲ. ಬ್ಯಾಂಕಿಗೆ 15ಎಚ್ ಫಾರಂ ಕೊಟ್ಟಿದ್ದರೆ ಮುರಿಯುತ್ತಲೇ ಇರಲಿಲ್ಲ.

ಸೊಸೆ ಪ್ರತಿ ಕಾಗದವನ್ನೂ ಕನ್ನಡದಲ್ಲಿ ಓದಿ ತಿಳಿಸಿದಳು. ತನ್ನ ಶುಲ್ಕ ಎಷ್ಟೆಂದು ಮೊದಲೇ ಹೇಳಿದಳು. ತೆಗೆದುಕೊಂಡ ಕಾಗದಗಳನ್ನು ಪಟ್ಟಿ ಮಾಡಿ ಸಹಿ ಹಾಕಿ ಕೊಟ್ಟಳು. ರಿಟರ್ನ್ ಸಲ್ಲಿಸಿದ ಕೆಲವು ವಾರಕ್ಕೆ ದುಡ್ಡು ಅಜ್ಜಿಯ ಖಾತೆಗೇ ವಾಪಸ್ ಬಂತು. ಆಗ ಸೊಸೆ ಏನು ಹೇಳಿದಳು ಗೊತ್ತೆ? "ಅಜ್ಜಿ, ಮುಂದಿನ ಸಲ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಫಾರಂ ಕೊಟ್ಟುಬಿಡಿ. ಇದಕ್ಕೋಸ್ಕರ ನನ್ನ ಹತ್ತಿರ ಬರೋದೇ ಬೇಡ."

ನಾನು ಹಣೆ ಚಚ್ಚಿಕೊಂಡೆ. ಇದ್ದ ಒಬ್ಬ ಗಿರಾಕಿಯನ್ನೂ ಓಡಿಸಿದಳಲ್ಲ!

ಹದಿನೈದು ದಿನಕ್ಕೆ ಅಜ್ಜಿಯ ತಮ್ಮನ ಮಗ ಬಂದರು. ಕೊಬ್ಬರಿ ಮಂಡಿಯವರು, ಪ್ರತಿ ತಿಂಗಳೂ ಜಿಎಸ್‌ಟಿ ಲೆಕ್ಕ, ವರ್ಷಕ್ಕೊಮ್ಮೆ ಆಡಿಟ್ ಇರುವವರು. "ಬರಬೇಡಿ ಅಂತ ಹೇಳೋ ಆಡಿಟರ್ ಯಾರು ಅಂತ ನೋಡೋಕೆ ಬಂದೆ" ಎಂದು ನಕ್ಕರು. ಸೊಸೆ ತಕ್ಷಣ ಒಪ್ಪಿಕೊಳ್ಳಲಿಲ್ಲ. ಮೊದಲು ಅವರ ಹಳೆಯ ಆಡಿಟರಿಗೆ ಪತ್ರ ಬರೆದಳು. ಇನ್ನೊಬ್ಬರು ಮಾಡುತ್ತಿದ್ದ ಆಡಿಟ್ ವಹಿಸಿಕೊಳ್ಳುವ ಮುನ್ನ ಅವರಿಗೆ ಬರೆದು ತಿಳಿಸಬೇಕು, ಅದೂ ನಿಯಮವೇ. ಮಂಡಿಯವರು ಕಾದರು. ಆಮೇಲೆ ಅವರ ಪಕ್ಕದ ಮಂಡಿಯವರು, ಅವರ ಬೀಗರು, ಹೀಗೆ ಒಬ್ಬರ ಹಿಂದೆ ಒಬ್ಬರು ಬಂದರು. ಯುಗಾದಿ ಬಂತು, ಬೆಂಗಳೂರಿನ ಮಾತು ಬರಲಿಲ್ಲ.

ಈಗ ಆಫೀಸಿನಲ್ಲಿ ಇಬ್ಬರು ಸಹಾಯಕರಿದ್ದಾರೆ. ಬೋರ್ಡು ಅಷ್ಟೇ ಇದೆ.

ನನ್ನ ಓರಗೆಯವರೇ, ವರ್ಷದ ಶುರುವಿನಲ್ಲಿ ನಿಮ್ಮ ಠೇವಣಿಗೆ ಯಾವ ಫಾರಂ ಕೊಡಬೇಕೆಂದು ಬ್ಯಾಂಕಿನಲ್ಲಿ ತಪ್ಪದೆ ಕೇಳಿ. ಮಕ್ಕಳೇ, ಅಜ್ಜಿ ತಾತನ ಪಾಸ್‌ಬುಕ್ಕು ಒಮ್ಮೆ ಓದಿ ಹೇಳಿ. ಅವರಿಗೆ ಅದು ಎಷ್ಟು ದೊಡ್ಡ ಉಪಕಾರ ಅಂತ ನನ್ನ ಕೌಂಟರಿನ ಪಕ್ಕದ ಸಾಲು ನನಗೆ ಕಲಿಸಿತ್ತು, ನಾನು ಕಲಿತದ್ದು ಮಾತ್ರ ತಡವಾಗಿ.

ಉಳಿದ ಕರಪತ್ರಗಳು? ಎರಡಾಗಿ ಮಡಿಚಿ, ಹೊಲಿದು, ಮೊಮ್ಮಗನಿಗೆ ರಫ್ ಪುಸ್ತಕ ಮಾಡಿಕೊಟ್ಟೆ. ಹಿಂದಿನ ಖಾಲಿ ಮಗ್ಗುಲಲ್ಲಿ ಅವನೀಗ ಬಡ್ಡಿ ಲೆಕ್ಕ ಮಾಡುತ್ತಿದ್ದಾನೆ.