ತುಕ್ಕರಿಯದ ಕಲ್ಲುನೂಲು

ಮಳೆಗಾಲ ಮುಗಿದ ಮೇಲೆ ಹಳೆಯ ತಾರಸಿ ಮನೆಯೊಂದರ ಒಳಚಾವಣಿಯನ್ನು ತಲೆಯೆತ್ತಿ ನೋಡಿರಿ. ಅಲ್ಲಲ್ಲಿ ಕಂದುಬಣ್ಣದ ಕಲೆ, ಅದರ ಗುಂಟ ಉದ್ದನೆಯ ಬಿರುಕು; ಕೆಲವೆಡೆ ಗಾರೆ ಚಕ್ಕೆಚಕ್ಕೆಯಾಗಿ ಉದುರಿ ಸರಳುಗಳೇ ಇಣುಕುತ್ತಿರುತ್ತವೆ. ಮನೆಯೊಡೆಯರು ಮೇಸ್ತ್ರಿಯನ್ನು ಕರೆಸಿ, ಸಿಮೆಂಟು ಮೆತ್ತಿಸಿ, ಸುಣ್ಣ ಬಳಿಸಿ ಸಮಾಧಾನಪಟ್ಟುಕೊಳ್ಳುವುದುಂಟು. ಒಳಗಿನ ರೋಗವೇನೋ ಅದರಿಂದ ವಾಸಿಯಾಗದು.

ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ. ಎಳೆತದ ಮುಂದೆ ಅದು ದುರ್ಬಲ. ಭಾರ ಬಿದ್ದ ಚಾವಣಿಯ ಹಾಸು ತುಸು ಬಾಗಿದಾಗ ಅದರ ನಡುಭಾಗದಲ್ಲಿ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಜಗ್ಗಿಕೊಳ್ಳುತ್ತದೆ. ಆ ಎಳೆತವನ್ನು ಹೊರಲೆಂದೇ ಅಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸಿರುವರು. ನೀರೂ ಗಾಳಿಯೂ ಒಳಹೊಕ್ಕು ಉಕ್ಕು ತುಕ್ಕಾದರೆ, ಆ ತುಕ್ಕು ಮೂಲ ಲೋಹಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ. ಉಬ್ಬಿ, ತನ್ನನ್ನು ಹೊದ್ದ ಕಾಂಕ್ರೀಟನ್ನೇ ಸೀಳುತ್ತದೆ.

ತುಕ್ಕು ಹಿಡಿಯದ ಸರಳನ್ನು ಕಲ್ಲಿನಿಂದಲೇ ಮಾಡಬಹುದೆಂದರೆ ನಂಬುವಿರಾ? ವಿಜಯಪುರದ ಗೋಲಗುಂಬಜನ್ನು ಕಂಡವರಿಗೆ ಅದರ ಕಪ್ಪುಬೂದು ಕಲ್ಲಿನ ಪರಿಚಯವುಂಟು. ಲಾವಾರಸ ಆರಿ ಗಟ್ಟಿಯಾದ ಬಸಾಲ್ಟ್ ಶಿಲೆಯದು. ಈ ಜಾತಿಯ, ಆದರೆ ತಕ್ಕ ರಾಸಾಯನಿಕ ಗುಣವುಳ್ಳ ಕಲ್ಲನ್ನು ಪುಡಿಗೈದು, ಸುಮಾರು 1,450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗಿಸಿ, ಪ್ಲಾಟಿನಂ-ರೋಡಿಯಂ ತಟ್ಟೆಯ ರಂಧ್ರಗಳಿಂದ ಎಳೆಯುತ್ತಾರೆ. ಶಾವಿಗೆಯ ಒರಳಿನಿಂದ ಎಳೆ ಇಳಿದಂತೆ ಕಲ್ಲು ನೂಲಾಗಿ ಇಳಿಯುತ್ತದೆ, ತಲೆಗೂದಲಿಗಿಂತ ಸಣ್ಣದಾಗಿ! ಪ್ಯಾರಿಸಿನ ಪಾಲ್ ಧೇ ಎಂಬುವರು ಇದಕ್ಕಾಗಿ 1923ರಲ್ಲಿಯೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಮುಂದೆ ಇದನ್ನು ಬೆಳೆಸಿದವರು ಸೋವಿಯತ್ ವಿಜ್ಞಾನಿಗಳು.

ಕಾಂಕ್ರೀಟಿನ ಕ್ಷಾರಗುಣ ಬರಿಯ ನೂಲನ್ನು ಕೊರೆಯಬಲ್ಲದು. ಆದುದರಿಂದ ಸಾವಿರಾರು ಎಳೆಗಳನ್ನು ಎಪಾಕ್ಸಿಯಂಥ ರಾಳದಲ್ಲಿ ಅದ್ದಿ, ಒಟ್ಟುಗೂಡಿಸಿ ಸರಳು ಮಾಡುವರು. ಅದರ ತೂಕ ಉಕ್ಕಿನ ಕಾಲುಭಾಗದಷ್ಟು. ಎಳೆತ ತಾಳುವ ಶಕ್ತಿಯೋ ಮನೆಗೆ ಬಳಸುವ ಸಾಧಾರಣ ಉಕ್ಕಿನ ಎರಡರಷ್ಟರ ಸಮೀಪ.

ಹಾಗಾದರೆ ಹತ್ತು ಸರಳಿನ ಜಾಗದಲ್ಲಿ ಐದು ಸಾಕಲ್ಲವೇ ಎಂದು ವಾಚಕರು ಕೇಳಬಹುದು. ಮಾರುವವರೂ ಹಾಗೆಯೇ ಹೇಳಿಯಾರು! ಲೆಕ್ಕ ಅಷ್ಟು ಸುಲಭವಲ್ಲ. ಅದೇ ದಪ್ಪದ, ಅದೇ ಭಾರ ಹೊತ್ತ ಉಕ್ಕಿಗಿಂತ ಈ ಸರಳು ಸುಮಾರು ನಾಲ್ಕು ಪಟ್ಟು ಹೆಚ್ಚು ಹಿಗ್ಗುತ್ತದೆ. ಹಾಸು ಮುರಿಯದಿದ್ದರೂ ಜೋಲುತ್ತದೆ, ಬಿರುಕುಗಳು ಅಗಲವಾಗುತ್ತವೆ. ಉಕ್ಕಾದರೆ ಮಣಿದು, ಬಹಳ ಹಿಗ್ಗಿ, ಆಮೇಲೆ ತುಂಡಾಗುತ್ತದೆ. ಇದು ಮಣಿಯದೆ ತಟ್ಟನೆ ಹರಿಯುತ್ತದೆ. ಕಲ್ಲು ಬೆಂಕಿಗೆ ಅಂಜದಿದ್ದರೂ ಅಂಟಿನ ರಾಳ ಅಂಜುತ್ತದೆ. ಬಾರ್ ಬೆಂಡರ್ ಇದನ್ನು ಸ್ಥಳದಲ್ಲಿ ಬಗ್ಗಿಸಲಾರ. ಕೊಕ್ಕೆ ಬೇಕಾದರೆ ಕಾರ್ಖಾನೆಯಲ್ಲಿಯೇ ಆಗಬೇಕು.

ಉಪ್ಪುಗಾಳಿ ಬಡಿಯುವ ಕಡಲತೀರದಲ್ಲಿ ಇದಕ್ಕೆ ನಿಜವಾದ ಬೆಲೆ. ಹಳೆಯ ಚಾವಣಿಗೂ ಒಂದು ದಾರಿಯಿದೆ: ಕಲ್ಲುನೂಲಿನ ಬಲೆಯನ್ನು ಕೆಳಮೈಗೆ ವಿಶೇಷ ಗಾರೆಯಿಂದ ಅಂಟಿಸಿ ಬಲಪಡಿಸಬಹುದು. ಅದಕ್ಕೆ ಮುಂಚೆ ಸಡಿಲ ಕಾಂಕ್ರೀಟನ್ನು ಕೆತ್ತಿ, ಸರಳಿನ ತುಕ್ಕನ್ನು ಉಜ್ಜಿ, ಮೇಲಿನ ಸೋರಿಕೆಯನ್ನು ನಿಲ್ಲಿಸಬೇಕು. ಸೋರುವ ತಾರಸಿಗೆ ಬಲೆಯನ್ನಷ್ಟೇ ಅಂಟಿಸಿದರೆ, ಅದರ ಮರೆಯಲ್ಲಿ ತುಕ್ಕು ತನ್ನ ಕೆಲಸವನ್ನು ಮುಂದುವರಿಸಿಯೇ ಇರುತ್ತದೆ.